ಆಪರೇಷನ್‌ಗೂ ಒಂದು ಬಾಣಂತನ ಬೇಕು

ಆಸ್ಪತ್ರೆಯಿಂದ ಮನೆಗೆ ಬಂದ ನಾಲ್ಕನೆಯ ದಿನ ಅಕ್ಕ ಬಚ್ಚಲುಮನೆಯಲ್ಲಿ ಬಿದ್ದಳು.

ತಿಪಟೂರಿನ ಕಡೆಯ ಹಳ್ಳಿ ಅವಳದು. ಗರ್ಭಕೋಶದಲ್ಲಿ ಗಡ್ಡೆಗಳಿದ್ದವು. ಮೂರು ವರ್ಷ ತಿಂಗಳು ತಿಂಗಳೂ ಮೈಯ ರಕ್ತ ಸುರಿದುಹೋಗುತ್ತಿದ್ದರೂ ಹಾಲು ಕರೆಯುವುದು, ಸಗಣಿ ಬಾಚುವುದು, ತೋಟಕ್ಕೆ ಬುತ್ತಿ ಹೊರುವುದು ಯಾವುದೂ ನಿಂತಿರಲಿಲ್ಲ. ಕೊನೆಗೂ ಗರ್ಭಕೋಶ ತೆಗೆಸಿಕೊಂಡಳು. ಆಪರೇಷನ್ ಸಲೀಸಾಗಿ ಆಯಿತು. ಹೊಲಿಗೆ ಚೆನ್ನಾಗಿ ಕೂಡುತ್ತಿದೆ ಎಂದು ಹೇಳಿ ಐದನೆಯ ದಿನ ಮನೆಗೆ ಕಳಿಸಿದರು.

ಆ ಬೆಳಿಗ್ಗೆ ಹಂಡೆಯ ನೀರು ಚೆನ್ನಾಗಿ ಕಾದಿತ್ತು. "ಅಮ್ಮಾ, ನಾನೂ ಒಳಗೆ ಬರ್ಲಾ?" ಎಂದು ಮಗಳು ಕೇಳಿದಳು. "ಬೇಡ ಬಿಡೇ, ನಾನೇನು ಮಗೂನಾ" ಎಂದು ಅಕ್ಕ ಚಿಲಕ ಹಾಕಿಕೊಂಡಳು. ಮಣೆಯ ಮೇಲೆ ಕೂತು ತಲೆಗೂ ಮೈಗೂ ಬಿಸಿಬಿಸಿ ನೀರು ಹುಯ್ದುಕೊಂಡು ಎದ್ದು ನಿಂತದ್ದಷ್ಟೇ ಅವಳಿಗೆ ನೆನಪು. ಧಡ್ ಎಂಬ ಸದ್ದು ಕೇಳಿ ಭಾವ ಚಿಲಕ ಮುರಿದು ಒಳಗೆ ಹೋದರು. ಹೊಟ್ಟೆಯ ಹೊಲಿಗೆಗೆ ಏನೂ ಆಗಿರಲಿಲ್ಲ. ಆದರೆ ಬಚ್ಚಲ ಕಲ್ಲಿನ ಅಂಚು ತಗುಲಿ ಹುಬ್ಬು ಸೀಳಿತ್ತು. ಅದಕ್ಕೆ ನಾಲ್ಕು ಹೊಲಿಗೆ ಬಿದ್ದವು.

ಎಷ್ಟೋ ಮನೆಗಳಲ್ಲಿ ಇದೇ ನಡೆಯುತ್ತದೆ. ಆಪರೇಷನ್‌ಗೆ ಮೊದಲು ಹತ್ತಾರು ಪರೀಕ್ಷೆ ಮಾಡಿಸುತ್ತೇವೆ, ಸಾಲ ಮಾಡಿ ಹಣ ಹೊಂದಿಸುತ್ತೇವೆ, ದೇವರಿಗೆ ಹರಕೆ ಹೊರುತ್ತೇವೆ. ಡಿಸ್ಚಾರ್ಜ್ ಚೀಟಿ ಕೈಗೆ ಬಂದ ಕೂಡಲೇ ಎಲ್ಲ ಮುಗಿಯಿತು ಎಂದುಕೊಳ್ಳುತ್ತೇವೆ. ಆದರೆ ಮೈ ಚೇತರಿಸಿಕೊಳ್ಳುವ ಕೆಲಸ ಬಹುಪಾಲು ನಡೆಯುವುದು ಮನೆಯಲ್ಲಿ. ಅದಕ್ಕೆ ಬೇಕಾದ ತಯಾರಿ ನಮ್ಮ ಮನೆಗಳಲ್ಲಿ ಇರುವುದಿಲ್ಲ.

ತಲೆ ಸುತ್ತಿತೋ, ಕಣ್ಣು ಕತ್ತಲೆ ಬಂತೋ?

ಹುಬ್ಬಿಗೆ ಹೊಲಿಗೆ ಹಾಕಿದ ಡಾಕ್ಟರು ಅಕ್ಕನಿಗೆ ಮೊದಲು ಕೇಳಿದ್ದು ಇದನ್ನು: "ಅಮ್ಮಾ, ತಲೆ ಸುತ್ತಿತೋ, ಕಣ್ಣು ಕತ್ತಲೆ ಬಂತೋ?"

ನಮಗೆ ಎರಡೂ ಒಂದೇ ಎನಿಸಿತ್ತು. ಅವರಿಗೆ ಹಾಗಲ್ಲ. ಕನ್ನಡದಲ್ಲಿ ಇದಕ್ಕೆಲ್ಲ ಬೇರೆ ಬೇರೆ ಮಾತುಗಳಿವೆ. ಸರಿಯಾದ ಮಾತು ಬಳಸಿದರೆ ವೈದ್ಯರಿಗೆ ಕಾರಣ ಹುಡುಕುವುದು ಅರ್ಧ ಸುಲಭವಾಗುತ್ತದೆ.

ಎದ್ದು ನಿಂತ ಕೂಡಲೇ ಕಣ್ಣಿಗೆ ಕತ್ತಲೆ ಕವಿದು, ಕಿವಿ ಗುಂಯ್ ಎಂದು, ಬವಳಿ ಬಂದಂತಾದರೆ ಅದು ಹೆಚ್ಚಾಗಿ ರಕ್ತದೊತ್ತಡ ಕುಸಿದ ಲಕ್ಷಣ. ಮಲಗಿದರೆ ಸರಿಹೋಗುತ್ತದೆ. ಕೋಣೆಯೇ ಗಿರಗಿರ ತಿರುಗಿದಂತಾದರೆ, ಅದರಲ್ಲೂ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ತಿರುಗಿ ವಾಕರಿಕೆ ಬಂದರೆ, ಒಳಕಿವಿಯ ಕಡೆ ನೋಡಬೇಕು. ಕಿವಿಯ ಆಪರೇಷನ್ ಆದವರಲ್ಲಿ ಇದು ಸಾಮಾನ್ಯ. ಬಹಳ ದಿನ ಮಲಗಿಯೇ ಇದ್ದವರಲ್ಲೂ ಕಾಣಿಸಿಕೊಳ್ಳಬಹುದು. ತಲೆ ನೆಟ್ಟಗಿದ್ದು ನಡೆಯುವಾಗ ಮಾತ್ರ ಮೈ ಓಲಾಡಿದರೆ, ಕಾಲು ನೆಲದ ಮೇಲೆ ನಿಲ್ಲದಿದ್ದರೆ, ಸ್ನಾಯು ಸೋತಿರಬಹುದು ಅಥವಾ ಟ್ರಮಡಾಲ್‌ನಂಥ ನೋವಿನ ಮಾತ್ರೆಯ ಮಂಪರಿರಬಹುದು. ಕೈಕಾಲು ನಡುಗಿ, ತಣ್ಣನೆ ಬೆವರು ಕಿತ್ತು, ಎದೆ ಹೊಡೆದುಕೊಂಡರೆ ಸಕ್ಕರೆ ಇಳಿದಿದೆಯೇ ನೋಡಬೇಕು. ಮಧುಮೇಹದ ಮಾತ್ರೆ ಎಂದಿನಷ್ಟೇ ತೆಗೆದುಕೊಂಡು ಊಟ ಅರ್ಧ ಮಾಡುವವರಿಗೆ ಆ ಅಪಾಯ ಹೆಚ್ಚು. ಪ್ರಮಾಣ 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ತಕ್ಷಣ ಕುಡಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು.

ಅಕ್ಕನಿಗೆ ಬಂದದ್ದು ಕಣ್ಣು ಕತ್ತಲೆ.

ನಿಂತ ಕ್ಷಣದಲ್ಲಿ ನಡೆಯುವುದು

ಮಲಗಿದ್ದವರು ಎದ್ದು ನಿಂತಾಗ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲು ಮತ್ತು ಹೊಟ್ಟೆಯ ಕಡೆಗೆ ಇಳಿಯುತ್ತದೆ. ಕತ್ತಿನ ರಕ್ತನಾಳಗಳಲ್ಲಿ ಒತ್ತಡ ಅಳೆಯುವ ನರತುದಿಗಳಿವೆ. ಅವು ಕೂಡಲೇ ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಹೃದಯ ಬಡಿತದ ವೇಗ ಹೆಚ್ಚಿಸಿಕೊಳ್ಳುತ್ತದೆ, ಕಾಲಿನ ರಕ್ತನಾಳಗಳು ಬಿಗಿಯುತ್ತವೆ, ಇಳಿದ ರಕ್ತ ಮೇಲಕ್ಕೇರುತ್ತದೆ. ಗಟ್ಟಿಮುಟ್ಟಾದವರಲ್ಲಿ ಇದೆಲ್ಲ ಕೆಲವೇ ಕ್ಷಣಗಳಲ್ಲಿ ಮುಗಿಯುವುದರಿಂದ ಗೊತ್ತೇ ಆಗುವುದಿಲ್ಲ. ನಿಂತ ಮೂರು ನಿಮಿಷದೊಳಗೆ ಬಿಪಿಯ ಮೇಲಿನ ಅಂಕಿ 20ರಷ್ಟೋ ಕೆಳಗಿನ ಅಂಕಿ 10ರಷ್ಟೋ ಇಳಿದರೆ ಈ ವ್ಯವಸ್ಥೆ ಸೋಲುತ್ತಿದೆ ಎಂದು ವೈದ್ಯರು ತೀರ್ಮಾನಿಸುತ್ತಾರೆ. ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಿದರೆ ಸಾಕು, ಹಿಡಿಯಬಹುದು. ಅಕ್ಕನಿಗೆ ಮಲಗಿದಾಗ 118 ಇದ್ದದ್ದು ನಿಂತಾಗ 90ಕ್ಕೆ ಇಳಿದಿತ್ತು.

ಯಾಕೆ ಎಂದು ಡಾಕ್ಟರು ಒಂದೊಂದಾಗಿ ಕೆದಕಿದರು. ಆಪರೇಷನ್‌ಗೆ ಮೊದಲೇ ಅವಳ ಹಿಮೋಗ್ಲೋಬಿನ್ 10 ಇತ್ತು, ಆಮೇಲೆ 9ಕ್ಕಿಂತ ಕೆಳಗಿಳಿದಿತ್ತು. "ನೀರು ಕುಡಿದ್ರೆ ಹೊಲಿಗೆ ಕೀವಾಗುತ್ತೆ" ಎಂದು ಯಾರೋ ಹೇಳಿದ್ದನ್ನು ನಂಬಿ ದಿನಕ್ಕೆ ಮೂರು ಲೋಟ ನೀರೂ ಕುಡಿಯುತ್ತಿರಲಿಲ್ಲ. ಬಿಪಿಗೆ ಅವಳು ನುಂಗುತ್ತಿದ್ದ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧಿಯೂ ಸೇರಿತ್ತು, ಹೊಟ್ಟೆ ತುಂಬ ಉಣ್ಣುತ್ತಿದ್ದ ಕಾಲದ ಪ್ರಮಾಣವೇ ಮುಂದುವರಿದಿತ್ತು. ಇಷ್ಟರ ಮೇಲೆ ಬಿಸಿನೀರು. ಬಿಸಿ ತಾಗಿದರೆ ಚರ್ಮದ ರಕ್ತನಾಳಗಳು ಹಿಗ್ಗಿ ಒತ್ತಡ ಇನ್ನೂ ಇಳಿಯುತ್ತದೆ. ಒಂದೊಂದೇ ಆಗಿದ್ದರೆ ಅವಳ ಮೈ ಹೇಗೋ ತಡೆದುಕೊಳ್ಳುತ್ತಿತ್ತು. ನಾಲ್ಕೂ ಒಂದೇ ಬೆಳಿಗ್ಗೆ ಸೇರಿಕೊಂಡವು.

ಬಿಪಿ ಮಾತ್ರೆಯ ಪ್ರಮಾಣ ಬದಲಿಸಿದ್ದು ಡಾಕ್ಟರು. ಅದನ್ನು ಒತ್ತಿ ಹೇಳಬೇಕು. ತಲೆ ಸುತ್ತುತ್ತದೆಂದು ತಾವಾಗಿಯೇ ಬಿಪಿ, ಹೃದಯ, ಸಕ್ಕರೆಯ ಮಾತ್ರೆ ನಿಲ್ಲಿಸುವುದು ಇನ್ನೊಂದು ಅನಾಹುತಕ್ಕೆ ದಾರಿ.

ಸುಸ್ತಿನ ಲೆಕ್ಕ

ಕಣ್ಣು ಕತ್ತಲೆ ಬರುವುದು ವಾರದೊಳಗೆ ಹತೋಟಿಗೆ ಬಂತು. ಸುಸ್ತು ಹೋಗಲಿಲ್ಲ. "ಕೂತ್ರೂ ಆಗಲ್ಲ, ನಿಂತ್ರೂ ಆಗಲ್ಲ ಕಣೇ, ಒಳಗೆ ಏನೂ ಇಲ್ಲ ಅನ್ಸುತ್ತೆ" ಎನ್ನುತ್ತಿದ್ದಳು. ಮೂರನೆಯ ವಾರಕ್ಕೆ ಬಂದುಹೋಗುವವರ ಮಾತೂ ಬದಲಾಗಿತ್ತು. "ಇನ್ನೂ ಸುಸ್ತಾ? ನಮ್ಮನೇಲಿ ಹದಿನೈದು ದಿನಕ್ಕೇ ಎದ್ದು ಕೆಲಸಕ್ಕೆ ಹೋದ್ರು." ಆ ಮಾತು ಕೇಳಿದ ಸಂಜೆ ಅಕ್ಕ ಗೋಡೆಗೆ ತಿರುಗಿ ಮಲಗಿ ಅತ್ತಳು.

ಅವಳದು ಸೋಮಾರಿತನವಾಗಿರಲಿಲ್ಲ. ಆಪರೇಷನ್ ನಂತರದ ಸುಸ್ತನ್ನು 1980ರ ದಶಕದಿಂದಲೇ ಡೆನ್ಮಾರ್ಕಿನ ಹೆನ್ರಿಕ್ ಕೆಹ್ಲೆಟ್ ಎಂಬ ಶಸ್ತ್ರವೈದ್ಯರೂ ಅವರ ಜೊತೆಗಾರರೂ ಅಳೆದು ನೋಡಿದ್ದಾರೆ. ಯಾವ ತೊಡಕೂ ಇಲ್ಲದೆ ಹೊಟ್ಟೆಯ ಆಪರೇಷನ್ ಮುಗಿಸಿಕೊಂಡವರಲ್ಲೂ ಸುಮಾರು ಮೂರರಲ್ಲಿ ಒಬ್ಬರಿಗೆ ತಿಂಗಳ ನಂತರವೂ ಗಾಢ ಸುಸ್ತು ಉಳಿದಿರುತ್ತದೆಂದು ಅವರು ಕಂಡರು.

"ಅರಿವಳಿಕೆ ಇನ್ನೂ ಮೈಯಲ್ಲೇ ಇದೆ" ಎಂದು ಜನ ಹೇಳುವುದುಂಟು. ಈಗಿನ ಅರಿವಳಿಕೆ ಔಷಧಿಗಳು ಹೆಚ್ಚೆಂದರೆ ಒಂದೆರಡು ದಿನದಲ್ಲಿ ಮೈಬಿಟ್ಟು ಹೋಗುತ್ತವೆ. ವಾರಗಟ್ಟಲೆ ಕಾಡುವ ಸುಸ್ತಿನ ಬೇರು ಬೇರೆ ಕಡೆ ಇದೆ. ಗಾಯ ಯಾವುದೇ ಇರಲಿ, ಚೂರಿಯದಿರಲಿ, ವೈದ್ಯರ ಕತ್ತಿಯದಿರಲಿ, ದೇಹಕ್ಕೆ ಗಾಯವೇ. ಅದನ್ನು ಮಾಯಿಸಲು ಬೇಕಾದ ಸಾಮಗ್ರಿಗಾಗಿ ದೇಹ ತನ್ನದೇ ಸ್ನಾಯುಗಳನ್ನು ಕರಗಿಸಿಕೊಳ್ಳುತ್ತದೆ. 1930ರ ದಶಕದಲ್ಲಿ ಗ್ಲಾಸ್ಗೋದ ಡೇವಿಡ್ ಕತ್‌ಬರ್ಟ್‌ಸನ್ ಕಾಲಿನ ಮೂಳೆ ಮುರಿದವರ ಮೂತ್ರ ಪರೀಕ್ಷಿಸಿ ಇದನ್ನು ತೋರಿಸಿಕೊಟ್ಟರು. ಪೆಟ್ಟಾದ ಕಾಲೊಂದರಿಂದಲೇ ಬರಲು ಸಾಧ್ಯವಿಲ್ಲದಷ್ಟು ಸಾರಜನಕ ಹೊರಹೋಗುತ್ತಿತ್ತು, ಅಂದರೆ ಇಡೀ ಮೈಯ ಸ್ನಾಯು ಸವೆಯುತ್ತಿತ್ತು. ಅಡಿಪಾಯ ದುರಸ್ತಿಗೆ ಮನೆಯ ಗೋಡೆಯ ಇಟ್ಟಿಗೆಯನ್ನೇ ಕೀಳುವಂಥ ಕೆಲಸ ಇದು.

ಎರಡನೆಯದು ರಕ್ತ. ಕೆಂಪು ರಕ್ತಕಣವೊಂದರ ಆಯುಸ್ಸು ಸುಮಾರು 120 ದಿನ. ಕಳೆದುಕೊಂಡದ್ದನ್ನು ಮೂಳೆಮಜ್ಜೆ ನಿಧಾನವಾಗಿಯೇ ತುಂಬಿಕೊಡಬೇಕು. ನಮ್ಮ ಹೆಂಗಸರಲ್ಲಿ ಆಪರೇಷನ್‌ಗೆ ಮೊದಲೇ ಕೊರತೆ ಇರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ 57% ಮಂದಿಗೆ ರಕ್ತಹೀನತೆಯಿದೆ. ಕರ್ನಾಟಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ. ಬರಿದಾದ ಕಣಜದಿಂದಲೇ ಅಳೆದುಕೊಡು ಎಂದು ನಾವು ಮೈಯನ್ನು ಕೇಳುತ್ತಿದ್ದೇವೆ.

ಮೂರನೆಯದು ನಿದ್ದೆ. ನೋವು, ಗ್ಯಾಸು, ಮಗ್ಗುಲು ಬದಲಿಸಲಾಗದ ಸಂಕಟ, ನಡುರಾತ್ರಿಯ ಮಾತ್ರೆ. ಇವುಗಳ ನಡುವೆ ನಿದ್ದೆ ತುಂಡುತುಂಡಾಗುತ್ತದೆ. ಅಂಡಾಶಯಗಳನ್ನೂ ತೆಗೆದಿದ್ದರೆ ಮುಟ್ಟು ನಿಲ್ಲುವ ಕಾಲದ ಸೆಕೆ, ಬೆವರು, ಬೇಸರ ಎಲ್ಲ ಒಮ್ಮೆಲೇ ಮೇಲೆ ಬೀಳುತ್ತವೆ.

ಈ ಸುಸ್ತಿಗೆ ನಮ್ಮೂರುಗಳಲ್ಲಿ ಸುಲಭದ ಮದ್ದೊಂದಿದೆ: "ಎರಡು ಬಾಟ್ಲಿ ಗ್ಲೂಕೋಸ್ ಹಾಕಿಸ್ಕೊಂಡು ಬಾ." ಅರ್ಧ ಲೀಟರಿನ ಆ ಬಾಟಲಿಯಲ್ಲಿ ಸಾಮಾನ್ಯವಾಗಿ ಇರುವುದು 25 ಗ್ರಾಂ ಸಕ್ಕರೆ ಮತ್ತು ನೀರು. ಒಂದು ಬಾಳೆಹಣ್ಣು ಕೊಡುವಷ್ಟೇ ಶಕ್ತಿ. ಬಾಯಿಂದ ಕುಡಿಯಲಾಗದವರಿಗೆ ಅದು ಬೇಕು. ಉಳಿದವರು ಆ ದುಡ್ಡಿಗೆ ಮೊಟ್ಟೆ, ಬೇಳೆ, ಹಾಲು ತಂದುಕೊಳ್ಳುವುದು ಮೇಲು.

ಮಲಗಿದರೆ ಹೋಗದ ದಣಿವು

ಸುಸ್ತಾದವರು ಮಲಗಬೇಕು ಎಂಬುದು ಸಹಜ ತಿಳಿವಳಿಕೆ. ವೈದ್ಯಲೋಕವೂ ಬಹುಕಾಲ ಹಾಗೇ ನಂಬಿತ್ತು. ಆಪರೇಷನ್ ಆದವರನ್ನು ಎರಡು ಮೂರು ವಾರ ಹಾಸಿಗೆಯಿಂದ ಏಳಿಸುತ್ತಿರಲಿಲ್ಲ. 1899ರಲ್ಲಿ ಶಿಕಾಗೋದ ಎಮಿಲ್ ರೀಸ್ ಎಂಬ ಸ್ತ್ರೀರೋಗ ವೈದ್ಯರು ತಮ್ಮ ರೋಗಿಗಳನ್ನು ಬೇಗ ಎಬ್ಬಿಸಿ ನಡೆಸಿದ್ದಾಗಿ ಬರೆದಾಗ ಅವರ ಮಾತಿಗೆ ಹೆಚ್ಚು ಬೆಲೆ ಸಿಗಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಹಾಸಿಗೆಗಳು ಸಾಲದಾದಾಗಲೇ ಬೇಗ ಏಳುವುದು ದೊಡ್ಡ ಪ್ರಮಾಣದಲ್ಲಿ ರೂಢಿಗೆ ಬಂದದ್ದು.

1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 20 ವರ್ಷದ ಐವರು ಆರೋಗ್ಯವಂತ ಹುಡುಗರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿದರು. ದುಡಿಮೆಯ ವೇಳೆ ಆಮ್ಲಜನಕ ಬಳಸಿಕೊಳ್ಳುವ ಅವರ ಶಕ್ತಿ ಕಾಲುಭಾಗಕ್ಕೂ ಹೆಚ್ಚು ಕುಗ್ಗಿತು. 30 ವರ್ಷ ಕಳೆದ ಮೇಲೆ ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ, ಮೂವತ್ತು ವರ್ಷದ ವಯಸ್ಸು ತಂದ ಇಳಿತಕ್ಕಿಂತ ಆ ಮೂರು ವಾರದ ಮಲಗುವಿಕೆ ತಂದ ಇಳಿತವೇ ದೊಡ್ಡದಾಗಿತ್ತು. ಗಟ್ಟಿ ಹುಡುಗರ ಪಾಡೇ ಇದಾದರೆ ರಕ್ತ ಕಳೆದುಕೊಂಡ ನಡುವಯಸ್ಸಿನ ಹೆಂಗಸು ತಿಂಗಳು ಮಲಗಿದರೆ ಏನಾದೀತು?

ಹಾಗೆಂದು ಎದ್ದು ಹಳೆಯ ದುಡಿಮೆಗೆ ಇಳಿಯುವುದೂ ತಪ್ಪು. ಅಕ್ಕ ಮಾಡಿದ್ದು ಅದನ್ನೇ. ಒಂದು ದಿನ ಮೈ ಹಗುರಾಯಿತೆಂದು ಮನೆ ಗುಡಿಸಿ, ಒಂದು ಕೊಡ ನೀರು ಎತ್ತಿ, ಹದಿನೈದು ಜನಕ್ಕೆ ಅಡಿಗೆ ಮಾಡಿದಳು. ಮುಂದಿನ ಮೂರು ದಿನ ಹಾಸಿಗೆ ಹಿಡಿದಳು. ಒಳ್ಳೆಯ ದಿನ ಮಿತಿಮೀರಿ ದುಡಿಯುವುದು, ಆಮೇಲೆ ಕುಸಿಯುವುದು, ಈ ಏರಿಳಿತದಲ್ಲೇ ತಿಂಗಳು ಕಳೆಯಿತು. ಚೇತರಿಕೆಗೆ ಬೇಕಾದದ್ದು ಅಳತೆ. ಇಂದು ಅಂಗಳದ ತುದಿಯವರೆಗೆ, ನಾಡಿದ್ದು ಬೀದಿಯ ತಿರುವಿನವರೆಗೆ, ಆಚೆ ವಾರ ಗುಡಿಯವರೆಗೆ.

ನಮ್ಮ ಕೈಯಲ್ಲೇ ಇರುವ ಮಾದರಿ

ಇಂಥ ಅಳತೆಯ ಆರೈಕೆ ನಮಗೆ ಹೊಸದಲ್ಲ. ಹೆಣ್ಣುಮಗಳು ಹೆತ್ತರೆ ತವರಿನವರು ಕರೆದೊಯ್ದು ಬಾಣಂತನ ಮಾಡುತ್ತಾರೆ. ಅವಳು ಪೊರಕೆ ಮುಟ್ಟುವಂತಿಲ್ಲ, ಕೊಡ ಎತ್ತುವಂತಿಲ್ಲ. ಹೊತ್ತುಹೊತ್ತಿಗೆ ಬಿಸಿ ಊಟ ಎದುರಿಗೆ ಬರುತ್ತದೆ. ಮೂರು ತಿಂಗಳು ಅವಳ ಸುಸ್ತನ್ನು ಯಾರೂ ಪ್ರಶ್ನಿಸುವುದಿಲ್ಲ. ಸರ್ಕಾರವೂ ಆಶಾ ಕಾರ್ಯಕರ್ತೆಯನ್ನು ಅವಳ ಮನೆಬಾಗಿಲಿಗೆ ಕಳಿಸುತ್ತದೆ.

ಆ ಮಗುವನ್ನು ಹೊತ್ತ ಗರ್ಭಕೋಶವನ್ನೇ ತೆಗೆಸಿಕೊಂಡು ಬಂದ ದಿನ ಅದೇ ಹೆಂಗಸಿಗೆ ಇದರಲ್ಲಿ ಯಾವುದೂ ಇಲ್ಲ. ತವರಿನಲ್ಲಿ ಅಮ್ಮನಿಗೆ ವಯಸ್ಸಾಗಿದೆ. ಮನೆಯಲ್ಲಿ ಒಲೆ ಅವಳದೇ, ಕೊಟ್ಟಿಗೆ ಅವಳದೇ. ಗಂಡಸರ ಪಾಡು ಬೇರೆ ಥರ: ಹರ್ನಿಯಾ ಆಪರೇಷನ್ ಆದ ಕೂಲಿಯವನಿಗೆ ದುಡಿಯದ ದಿನದ ಕೂಲಿ ಯಾರು ಕೊಡುತ್ತಾರೆ?

ಅದಕ್ಕೇ ಹೇಳುತ್ತಿದ್ದೇನೆ, ಆಪರೇಷನ್‌ಗೂ ಒಂದು ಬಾಣಂತನ ಬೇಕು. ಹಳೆಯ ಬಾಣಂತನದ ಎಲ್ಲವನ್ನೂ ತರುವುದು ಬೇಡ. ನೀರು ಕಡಿಮೆ ಕೊಡುವುದು, ಕತ್ತಲ ಕೋಣೆಯಲ್ಲಿ ಮಲಗಿಸಿಯೇ ಇಡುವುದು, ಕುದಿಕುದಿ ನೀರು ಹುಯ್ಯುವುದು, ನಂಜು ಎಂದು ಬೇಳೆ, ಸೊಪ್ಪು, ಮೊಟ್ಟೆ ತಪ್ಪಿಸುವುದು, ಇವನ್ನು ಬಿಡೋಣ. ದುಡಿಮೆಯಿಂದ ಬಿಡುಗಡೆ, ಹೊತ್ತಿಗೆ ಸರಿಯಾದ ಊಟ, ಪಕ್ಕದಲ್ಲೊಬ್ಬರು, ಚುಚ್ಚುಮಾತಿಲ್ಲದ ಮೂರು ತಿಂಗಳು, ಇವನ್ನು ಉಳಿಸಿಕೊಳ್ಳೋಣ.

ಹೇಗೆ ಮಾಡುವುದು?

ಮೊದಲು ಏಳುವ ಕ್ರಮ. ಅಂಗಾತ ಮಲಗಿದವರು ಮಗ್ಗುಲಿಗೆ ಹೊರಳಿ, ಕಾಲು ಕೆಳಗಿಳಿಸಿ, ಮೊಣಕೈ ಊರಿ ಏಳಬೇಕು. ಹಾಸಿಗೆಯ ಅಂಚಿನಲ್ಲಿ ಎರಡು ನಿಮಿಷ ಕೂತು ಪಾದಗಳನ್ನು ಮೇಲೆ ಕೆಳಗೆ ಇಪ್ಪತ್ತು ಸಲ ಆಡಿಸಬೇಕು. ಹಾಗೆ ಆಡಿಸಿದರೆ ಮೀನಖಂಡ ರಕ್ತವನ್ನು ಮೇಲಕ್ಕೆ ಒತ್ತುತ್ತದೆ. ಆಮೇಲೆ ಏನನ್ನಾದರೂ ಹಿಡಿದು ನಿಂತು, ಹತ್ತು ಎಣಿಸಿ, ಹೆಜ್ಜೆ ಇಡಬೇಕು. ರಾತ್ರಿ ಮೂತ್ರಕ್ಕೆ ಏಳುವಾಗ ಇದನ್ನು ಮರೆಯಲೇಬಾರದು. ಕಣ್ಣು ಕತ್ತಲೆ ಬಂದರೆ ಗೋಡೆ ಹಿಡಿದು ನಿಂತು ತಡೆದುಕೊಳ್ಳುವುದು ಬೇಡ. ಇದ್ದಲ್ಲೇ ನೆಲಕ್ಕೆ ಕೂತುಬಿಡಿ, ಮಲಗಿಬಿಡಿ. ಬಿದ್ದವರನ್ನು ಎತ್ತಿ ಕೂರಿಸುವ ಅವಸರವೂ ಬೇಡ. ಮಲಗಿಸಿಯೇ ಕಾಲಿನ ಕೆಳಗೆ ಎರಡು ದಿಂಬು ಇಟ್ಟರೆ ರಕ್ತ ತಲೆಗೆ ಹರಿಯುತ್ತದೆ.

ಬಚ್ಚಲುಮನೆಗೆ ಚಿಲಕ ಹಾಕಬೇಡಿ. ನೀರು ಉಗುರುಬೆಚ್ಚಗಿರಲಿ, ಕೂರಲು ಎತ್ತರದ ಸ್ಟೂಲಿರಲಿ, ಹಿಡಿದುಕೊಳ್ಳಲು ಗೋಡೆಗೊಂದು ಕಂಬಿಯಿರಲಿ. ಸ್ನಾನಕ್ಕೆ ಮೊದಲು ಒಂದು ಲೋಟ ಉಪ್ಪು ಹಾಕಿದ ಮಜ್ಜಿಗೆಯೋ ಗಂಜಿಯೋ ಕುಡಿಯಲಿ. ದಿನದಲ್ಲಿ ಮೂತ್ರ ತಿಳಿಹಳದಿ ಬಣ್ಣದಲ್ಲಿ ಹೋಗುವಷ್ಟು ನೀರು ಕುಡಿಯಬೇಕು. ಹೃದಯ, ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ನೀರು, ಉಪ್ಪು, ಎಳನೀರು ಎಷ್ಟೆಂದು ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು.

ಊಟದಲ್ಲಿ ಪ್ರೋಟೀನ್ ಮುಖ್ಯ. ಚೇತರಿಸಿಕೊಳ್ಳುವ ಕಾಲದಲ್ಲಿ ಮೈತೂಕದ ಒಂದೊಂದು ಕಿಲೋಗೂ 1.2ರಿಂದ 1.5 ಗ್ರಾಂ ಬೇಕು. 60 ಕಿಲೋ ತೂಗುವವರಿಗೆ ದಿನಕ್ಕೆ 72ರಿಂದ 90 ಗ್ರಾಂ. ಒಂದು ಮೊಟ್ಟೆಯಲ್ಲಿ ಇರುವುದು ಸುಮಾರು 6 ಗ್ರಾಂ. ತಿಳಿಸಾರು ಅನ್ನದಲ್ಲಿ ಈ ಲೆಕ್ಕ ತುಂಬುವುದಿಲ್ಲ. ಗಟ್ಟಿ ಬೇಳೆ, ಮೊಳಕೆಕಾಳು, ಮೊಸರು, ಕಡಲೆಬೀಜ, ತಿನ್ನುವವರಿಗೆ ಮೊಟ್ಟೆ, ಮೀನು, ಕೋಳಿ, ಇವು ಮೂರು ಹೊತ್ತೂ ತಟ್ಟೆಯಲ್ಲಿರಬೇಕು. ವೈದ್ಯರು ಕಬ್ಬಿಣಾಂಶದ ಮಾತ್ರೆ ಬರೆದಿದ್ದರೆ ಕಾಫಿ, ಟೀ, ಕ್ಯಾಲ್ಸಿಯಂ ಮಾತ್ರೆಗಳಿಂದ ದೂರವಿಟ್ಟು, ನಿಂಬೆ ಪಾನಕದ ಜೊತೆ ನುಂಗಿದರೆ ಚೆನ್ನಾಗಿ ಮೈಗೆ ಹತ್ತುತ್ತದೆ. ಹಿಮೋಗ್ಲೋಬಿನ್ ಸರಿಯಾಯಿತೆಂದು ಕೂಡಲೇ ನಿಲ್ಲಿಸಬಾರದು. ದೇಹದ ದಾಸ್ತಾನು ತುಂಬಲು ಇನ್ನೂ ಮೂರು ತಿಂಗಳು ಬೇಕಾಗುತ್ತದೆ.

ನಡಿಗೆ ಐದೈದು ನಿಮಿಷ, ದಿನಕ್ಕೆ ನಾಲ್ಕು ಸಲದಿಂದ ಶುರುವಾಗಲಿ. ನಡೆಯುತ್ತಾ ಮಾತಾಡಲು ಆಗುವಷ್ಟೇ ವೇಗವಿರಲಿ. ಮರುದಿನ ಮೈ ಹೆಚ್ಚು ದಣಿದಿಲ್ಲ ಎಂದಾದರೆ ಇನ್ನೆರಡು ನಿಮಿಷ ಸೇರಿಸಿ. ಹೊಟ್ಟೆಯ ಆಪರೇಷನ್ ಆದವರು ಆರರಿಂದ ಎಂಟು ವಾರ ತುಂಬಿದ ಕೊಡ, ಸಿಲಿಂಡರು, ಹುಲ್ಲಿನ ಹೊರೆ ಎತ್ತಬಾರದು. ಹಗಲು ನಿದ್ದೆ ಅರ್ಧ ಗಂಟೆ ಸಾಕು. ಹೆಚ್ಚಾದರೆ ರಾತ್ರಿಯ ನಿದ್ದೆ ಕೆಡುತ್ತದೆ.

ಕಾಯದೆ ಆಸ್ಪತ್ರೆಗೆ ಹೋಗಿ

ಎಲ್ಲ ಸುಸ್ತೂ ಸಹಜವಲ್ಲ. ಇವುಗಳಲ್ಲಿ ಒಂದು ಕಂಡರೂ ನಾಳೆ ನೋಡೋಣ ಎನ್ನಬೇಡಿ:

• ಒಂದೇ ಕಾಲು ಊದಿ ನೋಯುವುದು, ಇದ್ದಕ್ಕಿದ್ದಂತೆ ಉಬ್ಬಸ, ಎದೆನೋವು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿರಬಹುದು.
• ಗಾಯದಿಂದ ರಕ್ತ ಅಥವಾ ಕೀವು, ಚಳಿಜ್ವರ, ಗಂಟೆಗೊಂದು ಪ್ಯಾಡ್ ತೊಯ್ಯುವಷ್ಟು ಸ್ರಾವ, ಡಾಂಬರಿನಂತೆ ಅಂಟಾದ ಕಪ್ಪು ಮಲ.
• ಮಲಗಿದ್ದಾಗಲೂ ತಲೆಸುತ್ತು, ಪ್ರಜ್ಞೆ ತಪ್ಪುವುದು, ಎದೆಬಡಿತ ಏರುಪೇರಾಗುವುದು.
• ಮಾತು ತೊದಲುವುದು, ಬಾಯಿ ಸೊಟ್ಟಗಾಗುವುದು, ಒಂದು ಕಡೆಯ ಕೈಕಾಲು ಸೋಲುವುದು.
• ಬೆನ್ನಿಗೆ ಅರಿವಳಿಕೆ ಪಡೆದವರಿಗೆ ಎದ್ದು ಕೂತರೆ ಸಿಡಿಯುವ, ಮಲಗಿದರೆ ತಗ್ಗುವ ತಲೆನೋವು.

ಉಸಿರು, ಎದೆ, ಮಾತು, ಪ್ರಜ್ಞೆಯ ತೊಂದರೆಯಾದರೆ ಗಾಡಿ ಹುಡುಕುತ್ತಾ ಕೂರದೆ 108ಕ್ಕೆ ಕರೆ ಮಾಡಿ.

ಹತ್ತನೆಯ ವಾರ

ಬಿದ್ದ ಮೇಲೆ ಭಾವ ಬಚ್ಚಲ ಬಾಗಿಲಿಗೆ ಮತ್ತೆ ಚಿಲಕ ಹಾಕಿಸಲಿಲ್ಲ. ಹಾಲು ಕರೆಯುವುದನ್ನು ತಾವೇ ವಹಿಸಿಕೊಂಡರು. ಮಗಳು ಕ್ಯಾಲೆಂಡರಿನ ಮೇಲೆ ಅಮ್ಮ ನಡೆದ ನಿಮಿಷಗಳನ್ನು ಪೆನ್ಸಿಲಿನಲ್ಲಿ ಬರೆಯತೊಡಗಿದಳು. ಮೊದಲ ವಾರ 5, ಐದನೆಯ ವಾರ 15. ಹತ್ತನೆಯ ವಾರದ ಒಂದು ಚೌಕದಲ್ಲಿ 40 ಎಂದಿದೆ. ಅಂದು ಅಕ್ಕ ತೋಟದವರೆಗೆ ನಡೆದುಹೋಗಿ ಬಂದಳು, ಬರಿಗೈಯಲ್ಲಿ. ಹಿಮೋಗ್ಲೋಬಿನ್ 11.6ಕ್ಕೆ ಏರಿತ್ತು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಆಪರೇಷನ್‌ಗೆ ದಿನ ಗೊತ್ತಾಗಿದ್ದರೆ ಆಸ್ಪತ್ರೆಯ ಖರ್ಚಿನ ಜೊತೆಗೆ ಇನ್ನೂ ಒಂದು ಲೆಕ್ಕ ಈಗಲೇ ಹಾಕಿಡಿ. ಮುಂದಿನ ಮೂರು ತಿಂಗಳು ಒಲೆ ಯಾರದು, ನೀರು ಹೊರುವವರು ಯಾರು, ಸಂಜೆ ಅವರ ಜೊತೆ ನಡೆಯುವವರು ಯಾರು ಎಂದು ಕೂತು ಮಾತಾಡಿ ಹಂಚಿಕೊಳ್ಳಿ. ನೋಡಲು ಹೋಗುವ ನೆಂಟರು ಬಿಸ್ಕತ್ತಿನ ಪೊಟ್ಟಣ ಕೊಟ್ಟು ಬರುವ ಬದಲು ಒಂದು ಹೊತ್ತಿನ ಅಡಿಗೆ ಮಾಡಿಕೊಟ್ಟು ಬನ್ನಿ. "ಇನ್ನೂ ಸುಸ್ತಾ?" ಎಂದು ಮಾತ್ರ ಕೇಳಬೇಡಿ. "ಇವತ್ತು ಎಲ್ಲಿವರೆಗೆ ನಡೆದ್ರಿ?" ಎಂದು ಕೇಳಿ, ನಾಲ್ಕು ಹೆಜ್ಜೆ ಜೊತೆಗೆ ನಡೆಯಿರಿ.